ಬೆಟ್ಟ ಹತ್ತುವ ಬೈಕು, ಏದುಸಿರು ಬಿಡುವ ಸವಾರ

ಇತ್ತೀಚಿನ ವರ್ಷಗಳಲ್ಲಿ ನನ್ನಂತಹ ಸಾಮಾನ್ಯ ವೈದ್ಯರ ಬಳಿಗೆ ಹೊಸ ಬಗೆಯ ಪ್ರಶ್ನೆಯೊಂದು ಬರತೊಡಗಿದೆ. ರಕ್ತದೊತ್ತಡದ ಮಾತ್ರೆ ಬರೆಸಿಕೊಂಡು, ಚೀಟಿ ಮಡಚಿ ಜೇಬಿಗಿಟ್ಟು, ಬಾಗಿಲವರೆಗೆ ಹೋದವರು ಹಿಂತಿರುಗಿ ಕೇಳುತ್ತಾರೆ: "ಡಾಕ್ಟ್ರೇ, ಬೈಕಿನಲ್ಲಿ ಲಡಾಖಿಗೆ ಹೋಗಬಹುದಾ?" ಹೀಗೆ ಕೇಳುವವರು ಕಾಲೇಜು ಹುಡುಗರಲ್ಲ. ಬ್ಯಾಂಕಿನವರು, ಮೇಷ್ಟರು, ಅಂಗಡಿ ನಡೆಸುವವರು, ಹದಿನೈದು ವರ್ಷ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಾಗಿಸಿಕೊಂಡವರು. ವಯಸ್ಸು ನಲವತ್ತರ ಆಚೀಚೆ. ಜೊತೆಯಲ್ಲಿ ಬಂದ ಮನೆಯವರ ಕಣ್ಣಿನಲ್ಲಿ ಮಾತ್ರ "ಬೇಡ ಅಂತ ಹೇಳಿ ಡಾಕ್ಟ್ರೇ" ಎಂಬ ಮೌನ ವಿನಂತಿ ಇರುತ್ತದೆ.

ಬೇಡ ಎನ್ನುವುದು ವೈದ್ಯನಿಗೆ ಬಲು ಸುಲಭ. ಬೇಡ ಎಂದ ವೈದ್ಯನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಆದರೆ ಬೇಡ ಎನಿಸಿಕೊಂಡವರಲ್ಲಿ ಹಲವರು ಹೇಳದೆ ಕೇಳದೆ ಹೊರಟುಬಿಡುತ್ತಾರೆ. ತಯಾರಿಯಿಲ್ಲದೆ, ತಪಾಸಣೆಯಿಲ್ಲದೆ, ಮಾತ್ರೆಗಳ ಬಗ್ಗೆ ಒಂದು ಮಾತೂ ಕೇಳಿಕೊಳ್ಳದೆ ಹೋಗುತ್ತಾರೆ. ಅಪಾಯವಿರುವುದು ಅಲ್ಲಿ. ಆದ್ದರಿಂದ ಈ ಆಸೆಯನ್ನು ಕಾಯಿಲೆಯಂತೆ ನೋಡುವುದನ್ನು ಬಿಟ್ಟು, ಅದರಲ್ಲಿ ಒಳ್ಳೆಯದೆಷ್ಟು, ಕೆಟ್ಟದ್ದೆಷ್ಟು ಎಂದು ಓದುಗರೊಡನೆ ಕೂತು ಲೆಕ್ಕ ಹಾಕುವುದು ಮೇಲು ಎಂದು ನನಗನಿಸುತ್ತದೆ.

ಒಂದೇ ಸಿಲಿಂಡರ್ ಏಕೆ?

ಮೊದಲು ಈ ಗಾಡಿಗಳ ಮೋಹವೇನೆಂದು ತಿಳಿಯೋಣ. ಸಾಹಸ ಪ್ರಯಾಣದ ಬೈಕು ಎಂದು ಕರೆಯುವ ಇವುಗಳ ಮುಂದಿನ ಚಕ್ರ ದೊಡ್ಡದು, ಸಾಮಾನ್ಯವಾಗಿ 21 ಅಂಗುಲ, ತಂತಿ ಕಡ್ಡಿಗಳದ್ದು. ಹೊಟ್ಟೆ ನೆಲದಿಂದ ಒಂದು ಗೇಣು ಮೇಲಿರುತ್ತದೆ. ಸ್ಪ್ರಿಂಗುಗಳು ಉದ್ದ, ಹ್ಯಾಂಡಲ್ ಅಗಲ, ಸವಾರ ಎದ್ದು ನಿಂತು ಓಡಿಸಲು ಅನುಕೂಲ. ನಮ್ಮ ದೇಶದಲ್ಲಿ ಈ ಗುಂಗನ್ನು ಮನೆಮನೆಗೆ ತಂದದ್ದು 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಅದರ ಎಂಜಿನ್ 411 ಸಿ.ಸಿ., ಸಿಲಿಂಡರ್ ಒಂದೇ, ಶಕ್ತಿ ಸುಮಾರು 24 ಅಶ್ವಶಕ್ತಿ. 2023ರ ಕೊನೆಯಲ್ಲಿ ಅದರ ಜಾಗಕ್ಕೆ 452 ಸಿ.ಸಿ.ಯ, ನೀರಿನಿಂದ ತಂಪಾಗುವ, ಸುಮಾರು 40 ಅಶ್ವಶಕ್ತಿಯ ಹೊಸ ಹಿಮಾಲಯನ್ ಬಂತು. ಅದರದ್ದೂ ಒಂದೇ ಸಿಲಿಂಡರ್. 2019ರಲ್ಲಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬಂದ ಮೇಲೆ ಈ ಬಗೆಯ ಗಾಡಿ ಇನ್ನಷ್ಟು ಜನರ ಕೈಗೆಟುಕಿತು.

ಸಿಲಿಂಡರ್ ಒಂದೇ ಇದ್ದರೆ ಏನು ಲಾಭ? ಭಾಗಗಳು ಕಡಿಮೆ, ತೂಕ ಕಡಿಮೆ, ಗಾಡಿ ಸಪೂರ, ರಿಪೇರಿ ಸುಲಭ. ದೊಡ್ಡದೊಂದು ಪಿಸ್ಟನ್ ನಿಧಾನವಾಗಿ ಬಡಿಯುವುದರಿಂದ ಕಡಿಮೆ ವೇಗದಲ್ಲೂ ಎಳೆತ ಸಿಗುತ್ತದೆ. ಕಲ್ಲು, ಕೆಸರು, ಮರಳಿನಲ್ಲಿ ನಡಿಗೆಯ ವೇಗದಲ್ಲಿ ಗಾಡಿ ಎಳೆಯಬೇಕಾದಾಗ ಬೇಕಾದದ್ದು ಇದೇ ಗುಣ. ಹಿಂದಿನ ಚಕ್ರ ಒಮ್ಮೆಲೇ ಜಾರಿ ತಿರುಗದೆ ನೆಲ ಕಚ್ಚಿಕೊಳ್ಳುತ್ತದೆ.

ಇದು ಹೊಸ ಜ್ಞಾನವೇನಲ್ಲ. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಹೊರಟು ಸಹಾರಾ ಮರುಭೂಮಿ ದಾಟಿ ಡಕಾರ್ ಸೇರಿದ ಮೊದಲ ರ್‍ಯಾಲಿಯನ್ನು ಗೆದ್ದ ಫ್ರಾನ್ಸಿನ ಸಿರಿಲ್ ನೆವೊ ಓಡಿಸಿದ್ದು ಯಮಹಾ ಎಕ್ಸ್‌ಟಿ 500 ಎಂಬ ಒಂದೇ ಸಿಲಿಂಡರಿನ ಸರಳ ಗಾಡಿಯನ್ನು. ಆಮೇಲೆ ಹಲವು ವರ್ಷ ದೊಡ್ಡ ದೊಡ್ಡ ಎಂಜಿನ್ನುಗಳ ಕಾಲ ಬಂತು. ಕೊನೆಗೆ 2011ರಿಂದ ಸಂಘಟಕರೇ ಬೈಕುಗಳ ಎಂಜಿನ್ನಿಗೆ 450 ಸಿ.ಸಿ.ಯ ಮಿತಿ ಹಾಕಿದರು. ಗೆಲ್ಲುವ ಬೈಕುಗಳು ಒಂದೇ ಸಿಲಿಂಡರಿನವೇ. ನಮ್ಮ ಮೈಸೂರಿನವರಿಗಂತೂ ಈ ಸದ್ದು ಹಳೆಯ ನೆಂಟ. 1960ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ 250 ಸಿ.ಸಿ.ಯ ಜಾವಾ, ಯೆಜ್ಡಿಗಳಿಗೆ ಎಡಬಲಕ್ಕೆ ಎರಡು ಸೈಲೆನ್ಸರ್ ಇದ್ದರೂ ಸಿಲಿಂಡರ್ ಒಂದೇ ಆಗಿತ್ತು. ಅವುಗಳ ಮೇಲೆ ಊರು ಕೇರಿ, ಗದ್ದೆ ಬದು, ಹೊಳೆ ದಂಡೆ ಸುತ್ತಿದ ಹಿರಿಯರು ಅದನ್ನು ಸಾಹಸ ಎಂದು ಕರೆಯಲಿಲ್ಲ, ಅಷ್ಟೆ.

ಈ ಮೋಹದಲ್ಲಿ ಒಳ್ಳೆಯದೂ ಇದೆ

ವೈದ್ಯನಾಗಿ ನನ್ನ ಅಭಿಪ್ರಾಯ ಇಷ್ಟು: ಗಾಡಿಗಳ ಪೈಕಿ ಆರೋಗ್ಯಕ್ಕೆ ಹತ್ತಿರವಾದ ಗುಣವಿರುವುದು ಈ ಗಾಡಿಗೇ. ಏಕೆಂದರೆ ಇದು ಸವಾರನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಕಚ್ಚಾ ರಸ್ತೆಯಲ್ಲಿ ಎದ್ದು ನಿಲ್ಲಬೇಕು, ಮಂಡಿ ಬಗ್ಗಿಸಬೇಕು, ಸೊಂಟ ಹಿಂದಕ್ಕೆ ತರಬೇಕು, ಕಣ್ಣು ಮುಂದಿನ ಇಪ್ಪತ್ತು ಅಡಿ ನೆಲವನ್ನು ಓದುತ್ತಿರಬೇಕು. ಒಂದು ಗಂಟೆ ಹೀಗೆ ಓಡಿಸಿದರೆ ಒಳ್ಳೆಯ ವ್ಯಾಯಾಮದಷ್ಟು ಬೆವರು ಬರುತ್ತದೆ. ಇನ್ನೊಂದು ಗುಣ, ಇದು ವೇಗದ ಗಾಡಿಯಲ್ಲ. ನಯವಾದ ಹೆದ್ದಾರಿಯಲ್ಲಿ ನೂರೈವತ್ತರ ವೇಗಕ್ಕೆ ಪುಸಲಾಯಿಸುವ ಗಾಡಿಗಿಂತ, ಹಳ್ಳದ ದಾರಿಯಲ್ಲಿ ಮೂವತ್ತರಲ್ಲಿ ತೃಪ್ತಿ ಕೊಡುವ ಗಾಡಿ ನನ್ನ ರೋಗಿಯ ಕೈಯಲ್ಲಿರುವುದು ನನಗೆ ಇಷ್ಟ. ಮೂವತ್ತರಲ್ಲಿ ಬಿದ್ದವರು ಮೈ ಕೊಡವಿಕೊಂಡು ಏಳುವ ಸಂಭವ ಹೆಚ್ಚು.

ಆದರೆ ಇಲ್ಲೊಂದು ತಕರಾರಿದೆ. ಗಾಡಿಯನ್ನು ಕಂಪನಿಯವರು ಕಲ್ಲುದಾರಿಗೆಂದೇ ತಯಾರು ಮಾಡಿ ಕೊಟ್ಟಿದ್ದಾರೆ. ಸವಾರನನ್ನು ಯಾರೂ ತಯಾರು ಮಾಡಿಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಗಾಡಿ ಕೊಂಡು, ಮತ್ತಷ್ಟು ಕೊಟ್ಟು ಅದಕ್ಕೆ ಪೆಟ್ಟಿಗೆ, ದೀಪ, ರಕ್ಷಣಾ ಕಂಬಿ ಹಾಕಿಸುವವರು ತಮ್ಮ ಸೊಂಟಕ್ಕೆ, ಮಂಡಿಗೆ, ಶ್ವಾಸಕೋಶಕ್ಕೆ ಒಂದು ತಿಂಗಳ ತಯಾರಿಯನ್ನೂ ಕೊಡುವುದಿಲ್ಲ.

ಕೈ ಜೋಮು, ಸೊಂಟ ನೋವು

ದೊಡ್ಡ ಪಿಸ್ಟನ್ ಒಂದೇ ಮೇಲೆ ಕೆಳಗೆ ಬಡಿದಾಗ ನಡುಕ ಇದ್ದೇ ಇರುತ್ತದೆ. ಈಗಿನ ಎಂಜಿನ್ನುಗಳಲ್ಲಿ ಅದನ್ನು ಸರಿದೂಗಿಸಲು ತೂಕದ ದಂಡವೊಂದನ್ನು ಇಟ್ಟಿರುತ್ತಾರೆ. ನಡುಕ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಅದರ ಮೇಲೆ ಕಲ್ಲುದಾರಿಯ ಕುಲುಕಾಟ. ದಿನಕ್ಕೆ ಎಂಟು ಗಂಟೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದವರಿಗೆ ಸಂಜೆ ಬೆರಳುಗಳು ಜೋಮು ಹಿಡಿಯುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾದರೆ ಮಣಿಕಟ್ಟಿನ ನಡುವಿನ ನರ ಒತ್ತಿದೆ ಎಂದು ಅರ್ಥ. ಕಿರುಬೆರಳು ಮತ್ತು ಉಂಗುರ ಬೆರಳಾದರೆ ಅಂಗೈ ಅಂಚಿನ ನರ. ರಾತ್ರಿ ಕಳೆದು ಬೆಳಿಗ್ಗೆ ಸರಿಹೋದರೆ ಚಿಂತೆಯಿಲ್ಲ. ಊರಿಗೆ ಮರಳಿ ಎರಡು ವಾರವಾದರೂ ಜೋಮು ಉಳಿದರೆ, ಅಂಗಿಯ ಗುಂಡಿ ಹಾಕಲು ತೊಡಕಾದರೆ, ವೈದ್ಯರಿಗೆ ತೋರಿಸಿ. ಮಧುಮೇಹಿಗಳಿಗೆ ಮತ್ತು ಥೈರಾಯ್ಡ್ ಕೊರತೆ ಇರುವವರಿಗೆ ಈ ತೊಂದರೆ ಬೇಗ ಬರುತ್ತದೆ.

ಉಪಾಯ ಸುಲಭ. ಹ್ಯಾಂಡಲನ್ನು ಹಕ್ಕಿಮರಿ ಹಿಡಿದಂತೆ ಹಿಡಿಯಿರಿ, ಕೊರಳು ಹಿಸುಕುವಂತೆ ಬೇಡ. ಮೊಣಕೈ ಸ್ವಲ್ಪ ಬಗ್ಗಿರಲಿ. ಮೈಭಾರ ಕೈಯ ಮೇಲಲ್ಲ, ಕಾಲಿನ ಮೇಲೆ ಇರಲಿ. ಗಂಟೆ, ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಇಳಿದು ಐದು ನಿಮಿಷ ನಡೆಯಿರಿ. ಹಳ್ಳ ಬಂದಾಗ ಕೂತೇ ಹಾರಿಸಿದರೆ ಪೆಟ್ಟು ನೇರವಾಗಿ ಬೆನ್ನೆಲುಬಿನ ಕೆಳಭಾಗದ ಮಣಿಗಳಿಗೆ ಬೀಳುತ್ತದೆ. ಎದ್ದು ನಿಂತು ಮಂಡಿ ಸಡಿಲ ಬಿಟ್ಟರೆ ಪೆಟ್ಟನ್ನು ತೊಡೆಯ ಸ್ನಾಯುಗಳು ನುಂಗುತ್ತವೆ. ಗಾಡಿಗೆ ಸ್ಪ್ರಿಂಗು ಎರಡು ಕಡೆ. ಮೂರನೆಯದು ನಿಮ್ಮ ಮಂಡಿ.

ಹಾಗೆ ನಿಲ್ಲಲು ತೊಡೆಯಲ್ಲಿ ಕಸುವಿರಬೇಕು. ಅದಕ್ಕೆ ದುಡ್ಡು ಕೊಟ್ಟು ಹೋಗುವ ವ್ಯಾಯಾಮ ಶಾಲೆಯೇ ಬೇಕಿಲ್ಲ. ಹೊರಡುವುದಕ್ಕೆ ಎರಡು ತಿಂಗಳು ಮೊದಲಿನಿಂದ ದಿನಾ ನಲವತ್ತು ನಿಮಿಷ ಚುರುಕು ನಡಿಗೆ, ಮೆಟ್ಟಿಲು ಹತ್ತಿ ಇಳಿಯುವುದು, ಹಿಂದಿನವರ ಬಸ್ಕಿ. ಮೂವತ್ತು ಬಸ್ಕಿ ತಡೆಯದ ಮಂಡಿ ಮುನ್ನೂರು ಹಳ್ಳ ತಡೆಯುವುದೇ? ಮಂಡಿ ನೋವು ಮೊದಲೇ ಇರುವವರು ಮಾತ್ರ ವೈದ್ಯರನ್ನು ಕೇಳಿ ಬಸ್ಕಿ ಶುರು ಮಾಡಿ.

ಎತ್ತಲಾಗದ್ದನ್ನು ಕೊಳ್ಳಬೇಡಿ

ಈ ಬಗೆಯ ಸವಾರಿಯಲ್ಲಿ ಬೀಳುವುದು ಅಪಘಾತವಲ್ಲ, ದಿನಚರಿ. ನಿಧಾನವಾಗಿ ಒಂದು ಕಡೆಗೆ ವಾಲಿ ಬಿದ್ದ ಗಾಡಿಯನ್ನು ಎತ್ತಲೇಬೇಕು. ಹೊಸ ಹಿಮಾಲಯನ್ನಿನ ತೂಕ 196 ಕೆ.ಜಿ., ಎಕ್ಸ್‌ಪಲ್ಸ್ 200ರದ್ದು ಸುಮಾರು 155 ಕೆ.ಜಿ. ಅದರ ಮೇಲೆ ನಿಮ್ಮ ಗಂಟುಮೂಟೆ. ದೊಡ್ಡ ಎಂಜಿನ್ನಿನ ವಿದೇಶಿ ಸಾಹಸ ಬೈಕುಗಳು ಇನ್ನೂ ಭಾರ. ಬಗ್ಗಿ, ಬೆನ್ನಿನ ಬಲದಿಂದ ಎತ್ತಲು ಹೋದವರು ಸೊಂಟ ಹಿಡಿದುಕೊಂಡು ಅಲ್ಲೇ ಕೂರುತ್ತಾರೆ. ಸರಿಯಾದ ರೀತಿ ಇದು: ಗಾಡಿ ಬಂದ್ ಮಾಡಿ, ಗೇರಿನಲ್ಲಿಡಿ. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಕೈ ಹಿಂದಿನ ಗಟ್ಟಿ ಕಂಬಿಗೆ ಹಾಕಿ, ಬೆನ್ನು ನೇರ ಇಟ್ಟುಕೊಂಡು ಕಾಲಿನ ಬಲದಿಂದ ಸಣ್ಣ ಹೆಜ್ಜೆ ಇಡುತ್ತಾ ಹಿಂದಕ್ಕೆ ಒತ್ತಿ. ಆ ಕಡೆಯ ಸ್ಟ್ಯಾಂಡ್ ಮೊದಲೇ ಇಳಿಸಿರಲಿ, ಇಲ್ಲವಾದರೆ ಅತ್ತ ಬೀಳುತ್ತದೆ. ಸಮತಟ್ಟಾದ ನೆಲದಲ್ಲಿ ನೀವೊಬ್ಬರೇ ಎರಡು ಸಲ ಎತ್ತಲಾಗದ ಗಾಡಿಯನ್ನು ಕೊಳ್ಳಬೇಡಿ. ಕಾಲು ನೆಲಕ್ಕೆ ಸರಿಯಾಗಿ ಊರದ ಗಾಡಿಯೂ ಬೇಡ. ಇದು ನನ್ನ ಖಚಿತವಾದ ಸಲಹೆ. ಅಂಗಡಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ನೀವೇ ಕೇಳಿಕೊಳ್ಳಬೇಕು.

ಬಿದ್ದವರಲ್ಲಿ ಮುರಿಯುವುದು ಹೆಚ್ಚಾಗಿ ಮಣಿಕಟ್ಟು, ಕೊರಳೆಲುಬು ಮತ್ತು ಪಾದದ ಕೀಲು. ಗಾಡಿಯ ಅಡಿಗೆ ಸಿಕ್ಕ ಕಾಲಿಗೆ ಮನೆಯಲ್ಲಿ ಹಾಕುವ ಕ್ಯಾನ್ವಾಸ್ ಶೂ ಏನೂ ಮಾಡದು. ಮೀನಖಂಡದವರೆಗೆ ಬರುವ ಗಟ್ಟಿ ಬೂಟು, ಕೈಗವಸು, ಮೊಣಕೈ ಮಂಡಿಗಳ ಕವಚ, ಇವೆಲ್ಲ ಆಡಂಬರವಲ್ಲ. ಪೆಟ್ಟಿಗೆ ಕೊಳ್ಳುವ ಹಣದಲ್ಲಿ ಮೊದಲು ಬೂಟು ಕೊಳ್ಳಿ.

ಹೆಲ್ಮೆಟ್ ಬಗ್ಗೆ ಎರಡು ಮಾತು ಹೇಳಲೇಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಸಂಭವ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಸುಮಾರು ಶೇ 69ರಷ್ಟು ಕಡಿಮೆ. ಇಷ್ಟು ಗುಣ ಕೊಡುವ ಮಾತ್ರೆಯೊಂದು ಇದ್ದಿದ್ದರೆ ನಾವು ವೈದ್ಯರು ಅದನ್ನು ಊರಿಗೆಲ್ಲ ಹಂಚುತ್ತಿದ್ದೆವು. ಐಎಸ್‌ಐ ಗುರುತಿರುವ, ಪೂರ್ತಿ ಮುಖ ಮುಚ್ಚುವ, ಗದ್ದದ ಪಟ್ಟಿ ಬಿಗಿದ ಹೆಲ್ಮೆಟ್ ಮಾತ್ರ ಹೆಲ್ಮೆಟ್. ನುರಿತವರಿಗೂ ಇದು ತಪ್ಪಿದ್ದಲ್ಲ. ಡಕಾರ್ ರ್‍ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಆ ಸಾಧನೆ ಮಾಡಿದ್ದು 2015ರಲ್ಲಿ. 2021ರಲ್ಲಿ ಅದೇ ರ್‍ಯಾಲಿ ಸೌದಿ ಅರೇಬಿಯಾದಲ್ಲಿ ನಡೆದಾಗ ಅವರು ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಔಷಧದಿಂದ ಕೋಮಾದಲ್ಲಿಟ್ಟು ಉಳಿಸಬೇಕಾಯಿತು. ಅಲ್ಲಿ ಹೆಲಿಕಾಪ್ಟರ್ ಇತ್ತು, ವೈದ್ಯರ ತಂಡವಿತ್ತು. ನಮ್ಮ ನಿಮ್ಮ ಹಿಂದೆ ಹೆಲಿಕಾಪ್ಟರ್ ಬರುವುದಿಲ್ಲ.

ಎತ್ತರದಲ್ಲಿ ಎಂಜಿನ್ನೂ ಏದುಸಿರು ಬಿಡುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನ ಎತ್ತರ ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಕೂಡ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರಿನ ಮೇಲೆ. ಅಂದರೆ ತನ್ನ ಮೈ ಎತ್ತರವನ್ನು ಹೇಗೆ ತಡೆಯುತ್ತದೆ ಎಂದು ಕನ್ನಡ ನಾಡಿನಲ್ಲೇ ಇದ್ದು ಪರೀಕ್ಷಿಸಿಕೊಳ್ಳುವ ಅವಕಾಶ ಯಾರಿಗೂ ಇಲ್ಲ. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಖರ್ದುಂಗ್ ಲಾ ಕಣಿವೆದಾರಿಯ ನಿಜವಾದ ಎತ್ತರ 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಒಂದೊಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟಕ್ಕೇ ಇಳಿಯುತ್ತದೆ.

ಅಲ್ಲಿ ಗಾಡಿಯ ಶಕ್ತಿಯೂ ಕುಗ್ಗುತ್ತದೆ. ಸಿಲಿಂಡರಿನೊಳಗೆ ಸೇರುವ ಗಾಳಿಯೇ ತೆಳ್ಳಗಾದ ಮೇಲೆ ಎಂಜಿನ್ ಏನು ಮಾಡೀತು? ಗಾಡಿಯೊಳಗಿನ ಕಂಪ್ಯೂಟರ್ ಪೆಟ್ರೋಲನ್ನು ಕಡಿಮೆ ಮಾಡಿ ಹೊಂದಿಸಿಕೊಳ್ಳುತ್ತದೆ, ಕಳೆದುಹೋದ ಶಕ್ತಿಯನ್ನು ಮಾತ್ರ ತಂದುಕೊಡಲಾರದು. ಒಂದು ವಾರ ಅಲ್ಲೇ ನಿಲ್ಲಿಸಿದರೂ ಅದು ಅಷ್ಟೇ. ಮನುಷ್ಯನ ದೇಹ ಹಾಗಲ್ಲ. ಕೆಲವು ಗಂಟೆಗಳಲ್ಲೇ ಉಸಿರಾಟ ಜೋರಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೂತ್ರಪಿಂಡಗಳು ರಕ್ತದ ಕ್ಷಾರವನ್ನು ಸರಿಪಡಿಸಿ ಇನ್ನಷ್ಟು ಉಸಿರಾಡಲು ದಾರಿ ಮಾಡಿಕೊಡುತ್ತವೆ. ವಾರಗಳಲ್ಲಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಎಂಜಿನ್ನಿಗೆ ಆಗದ್ದು ದೇಹಕ್ಕೆ ಆಗುತ್ತದೆ. ಆದರೆ ದೇಹ ಕೇಳುವುದು ಒಂದೇ, ದಿನಗಳನ್ನು. ನಮ್ಮ ಸವಾರರು ಕೊಡದಿರುವುದೂ ಅದೊಂದನ್ನೇ. ಕಛೇರಿಯಲ್ಲಿ ಹತ್ತು ದಿನ ರಜೆ, ನೋಡಬೇಕಾದ್ದು ಹನ್ನೆರಡು ಜಾಗ!

ಯೌವನ, ಪೈಲ್ವಾನರ ಮೈಕಟ್ಟು, ಯೋಗಾಭ್ಯಾಸ, ಯಾವುದೂ ಈ ಕಾಯಿಲೆಗೆ ತಡೆಗೋಡೆಯಲ್ಲ ಎಂಬುದು ನೆನಪಿರಲಿ. ಗಟ್ಟಿಮುಟ್ಟಾದವರು ಬೇಗ ಬೇಗ ಏರಿ ಬೇಗ ಮಲಗುವುದೂ ಉಂಟು. ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರಿಗೂ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಒಂದು ದಿನ ವಿಶ್ರಾಂತಿ. ಹಗಲು ಎತ್ತರದ ಕಣಿವೆ ದಾಟಿ ರಾತ್ರಿ ಕೆಳಗಿಳಿದು ಮಲಗುವುದು ಅಷ್ಟು ಅಪಾಯವಲ್ಲ.

ಈ ದೃಷ್ಟಿಯಿಂದ ನನ್ನ ಸಲಹೆ, ಹೋಗುವಾಗ ಶ್ರೀನಗರದ ದಾರಿ ಹಿಡಿಯಿರಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700, ಆಮೇಲೆ ಲೇಹ್ 3,500. ಮೆಟ್ಟಿಲು ಹತ್ತಿದಂತೆ ಹತ್ತಬಹುದು. ಮನಾಲಿ ದಾರಿ ಹಾಗಲ್ಲ. 2020ರ ಅಕ್ಟೋಬರಿನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ತಲುಪುವುದು ಬಹಳ ಸಲೀಸಾಯಿತು. ಏರುವ ಅವಸರವೂ ಸಲೀಸಾಯಿತು. 2,050 ಮೀಟರಿನ ಮನಾಲಿಯಿಂದ ಹೊರಟು ಆ ರಾತ್ರಿಯೇ 4,200 ಮೀಟರಿಗೂ ಮೇಲಿರುವ ಸರ್ಚುವಿನ ಡೇರೆಗಳಲ್ಲಿ ಮಲಗುವವರಿದ್ದಾರೆ. ಇದು ದೇಹದ ಮೇಲೆ ಮಾಡುವ ಅತ್ಯಾಚಾರ. ಮನಾಲಿ ದಾರಿಯನ್ನು ಹಿಂತಿರುಗುವಾಗ ಇಟ್ಟುಕೊಳ್ಳಿ. ಅಷ್ಟರಲ್ಲಿ ಮೈ ಪಳಗಿರುತ್ತದೆ. ವಿಮಾನದಲ್ಲಿ ನೇರ ಲೇಹ್‌ಗೆ ಇಳಿದು ಬಾಡಿಗೆ ಬೈಕು ಹಿಡಿಯುವವರು ಮೊದಲ ಎರಡು ದಿನ ಊಟ, ನಿದ್ದೆ, ಸಣ್ಣ ನಡಿಗೆಗಳನ್ನು ಬಿಟ್ಟು ಬೇರೇನೂ ಮಾಡಕೂಡದು.

ತಲೆನೋವಿನ ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದನ್ನು ಎತ್ತರದ ಕಾಯಿಲೆಯೆಂದೇ ತಿಳಿಯಿರಿ. ದಾರಿಯ ಊಟ ಸೇರಲಿಲ್ಲ, ಬಿಸಿಲು ಹೊಡೆಯಿತು ಎಂದು ಸಮಾಧಾನ ಹೇಳಿಕೊಳ್ಳಬೇಡಿ. ಅಂದು ಮೇಲೇರಬೇಡಿ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲಾಗದೆ ತೂರಾಡಿದರೆ, ಮಾತು ತೊದಲಿದರೆ, ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು, ನಸುಗೆಂಪು ನೊರೆಗಫ ಬಂದರೆ ಶ್ವಾಸಕೋಶದಲ್ಲಿ ನೀರು. ಇವೆರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಮ್ಲಜನಕ ಕೊಡುತ್ತಾ ಕೆಳಗಿಳಿಸಬೇಕು, ಸೇನೆಯ ಶಿಬಿರವಿರಲಿ, ಆಸ್ಪತ್ರೆಯಿರಲಿ, ಹತ್ತಿರದ್ದಕ್ಕೆ ಮುಟ್ಟಿಸಬೇಕು. ಕಾಯಿಲೆಯಾದವರು ತಾವೇ ಗಾಡಿ ಓಡಿಸಿಕೊಂಡು ಇಳಿಯುವುದು ಸಲ್ಲದು. ಕಾರು, ಲಾರಿ ಯಾವುದಾದರೂ ಸರಿ. ಗಾಡಿ ಅಲ್ಲೇ ಬಿದ್ದಿರಲಿ. ಅದಕ್ಕೆ ವಿಮೆ ಇದೆ.

ಅಸೆಟಝೋಲಮೈಡ್ ಎಂಬ ಮಾತ್ರೆ ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ದೊಡ್ಡವರಿಗೆ 125 ಮಿ.ಗ್ರಾಂ. ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಆದರೆ ವೈದ್ಯರು ಬರೆದುಕೊಟ್ಟ ಮೇಲೆ ಮಾತ್ರ. ಸಲ್ಫಾ ಔಷಧ ಒಗ್ಗದವರು ಮೊದಲೇ ತಿಳಿಸಬೇಕು. ಬೆರಳು ಚುಮುಗುಡುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಅದರ ಸಹಜ ಪರಿಣಾಮ. ಮಾತ್ರೆ ಇದೆಯೆಂದು ವಿಶ್ರಾಂತಿ ತಪ್ಪಿಸಿದರೆ ಮಾತ್ರೆಯೂ ಕೈಬಿಡುತ್ತದೆ. ಮದ್ಯ ಮತ್ತು ನಿದ್ದೆಮಾತ್ರೆ ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ. ಅಲ್ಲಿ ಎರಡೂ ವರ್ಜ್ಯ.

ಯಾರು ಹೋಗಬಾರದು?

ಇತ್ತೀಚೆಗೆ ಹೃದಯಾಘಾತವಾದವರು, ನಡೆದರೆ ಎದೆ ಹಿಡಿಯುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ತೀವ್ರ ಉಬ್ಬಸ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆಯವರು, ಮೂರ್ಛೆರೋಗ ಹತೋಟಿಯಲ್ಲಿಲ್ಲದವರು ಈ ಆಸೆಯನ್ನು ಬಿಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಹತೋಟಿಯಲ್ಲಿರುವ ಬಿ.ಪಿ.ಯವರು ಹೋಗಬಹುದು, ಎತ್ತರದಲ್ಲಿ ಒತ್ತಡ ಮೊದಲ ದಿನಗಳಲ್ಲಿ ಏರುತ್ತದೆಂದು ತಿಳಿದು, ಮಾತ್ರೆ ಬಿಡದೆ ಹೋಗಬೇಕು. ಮಧುಮೇಹಿಗಳೂ ಹೋಗಬಹುದು, ಆದರೆ ಚಳಿಗೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು, ಅದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಚಳಿಯಲ್ಲಿ ಸಕ್ಕರೆ ಅಳೆಯುವ ಯಂತ್ರವೂ ತಪ್ಪು ತೋರಿಸಬಹುದು. ಸಕ್ಕರೆ ಇಳಿದಾಗಿನ ನಡುಕವೂ ಚಳಿಯ ನಡುಕವೂ ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಗಾಡಿ ನಿಲ್ಲಿಸಿ ಮೊದಲು ಸಕ್ಕರೆ ಬಾಯಿಗೆ ಹಾಕಿ. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ಅವನ್ನು ನುಂಗಿ ಗಾಡಿ ಹತ್ತಬೇಡಿ. ನಲವತ್ತೈದು ದಾಟಿದವರೆಲ್ಲ ಹೊರಡುವುದಕ್ಕೆ ತಿಂಗಳು ಮೊದಲೇ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಇ.ಸಿ.ಜಿ. ಮಾಡಿಸಿಕೊಳ್ಳಲಿ. ಹೊರಡುವ ಹಿಂದಿನ ಸಂಜೆ ಬಂದು ಸರ್ಟಿಫಿಕೇಟ್ ಕೇಳಬೇಡಿ.

ಮಲೆನಾಡೇನು ಕಡಿಮೆಯೇ?

ಸಾಹಸಕ್ಕೆ ಲಡಾಖಿಗೇ ಹೋಗಬೇಕೆಂದಿಲ್ಲ. ಸಕಲೇಶಪುರ, ಕಳಸ, ಸೊರಬ, ಯಲ್ಲಾಪುರದ ಮಣ್ಣುದಾರಿಗಳು ಈ ಗಾಡಿಗೆ ಹೇಳಿ ಮಾಡಿಸಿದಂಥವು. ಇಲ್ಲಿ ಎತ್ತರದ ಕಾಯಿಲೆ ಇಲ್ಲ, ಬೇರೆಯವು ಇವೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣ್ಣಿ. ಹಾವಳಿ ಹೆಚ್ಚು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಮಳೆಯಿಲ್ಲದೆ ಸವಾರಿಗೆ ಹಿತವಾದ ತಿಂಗಳುಗಳಲ್ಲೇ. ಕಾಡಂಚಿನ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸಂಜೆ ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿಕೊಳ್ಳಿ. ಮಳೆಗಾಲದಲ್ಲಿ ಕೆಸರು ನೀರಿನಿಂದ ಇಲಿಜ್ವರ ಬರಬಹುದು. ಕಾಲಿನ ಗಾಯವನ್ನು ಮುಚ್ಚಿಕೊಳ್ಳಿ. ಪ್ರವಾಸ ಮುಗಿದು ಎರಡು ಮೂರು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ. ಆ ಒಂದು ಮಾತು ಹತ್ತು ಪರೀಕ್ಷೆಗಳನ್ನು ಉಳಿಸುತ್ತದೆ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಆ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಮಾತು. ಗಾಡಿಗೆ ಎಲ್ಲೆಂದರಲ್ಲಿ ಹತ್ತುವ ಶಕ್ತಿಯಿದೆಯೆಂದು ಶೋಲಾ ಹುಲ್ಲುಗಾವಲಿನ ಮೇಲೆ, ಹಳ್ಳದ ಪಾತ್ರದಲ್ಲಿ, ಮೀಸಲು ಅರಣ್ಯದಲ್ಲಿ ಓಡಿಸುವುದು ಸಾಹಸವಲ್ಲ, ಹಾನಿ. ಚಕ್ರ ಕೊರೆದ ಗೆರೆಯಲ್ಲಿ ಮಳೆನೀರು ಹರಿದು ಗುಡ್ಡವೇ ಕೊರೆಯುತ್ತದೆ. ನಮ್ಮ ಹಳ್ಳಿಗಳ ದಾರಿಗಳೇ ಬೇಕಾದಷ್ಟು ಕೆಟ್ಟಿವೆ! ನಾವು ರಜೆ ಹಾಕಿ, ಕವಚ ತೊಟ್ಟು, ಸಾಹಸವೆಂದು ದಾಟುವ ದಾರಿಯಲ್ಲೇ ಆಶಾ ಕಾರ್ಯಕರ್ತೆ ದಿನವೂ ಲಸಿಕೆಗೆ ಮಕ್ಕಳನ್ನು ಕರೆಯಲು ನಡೆಯುತ್ತಾಳೆ. ತುಂಬು ಬಸುರಿ ಜೀಪಿನಲ್ಲಿ ಕುಲುಕಾಡುತ್ತಾ ಆಸ್ಪತ್ರೆಗೆ ಬರುತ್ತಾಳೆ. ನಿಮ್ಮ ಪೆಟ್ಟಿಗೆಯಲ್ಲಿ ಒಂದಿಷ್ಟು ಜಾಗ, ಕಾಲದಲ್ಲಿ ಒಂದಿಷ್ಟು ಬಿಡುವು ಅಂಥವರಿಗಾಗಿ ಇರಲಿ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನಿಲ್ಲಿಸಿ. ನೆರವಾದವರನ್ನು ಪೊಲೀಸರು ಪೀಡಿಸಬಾರದೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಮನ್ನೇ ಸೇರಿಸಿದ್ದಾರೆ. ರಕ್ತ ಸೋರುವ ಜಾಗವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ, ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟನ್ನು ಎಳೆದು ತೆಗೆಯಬೇಡಿ, ಕುತ್ತಿಗೆ ಹೊರಳಿಸಬೇಡಿ, 108 ಅಥವಾ 112ಕ್ಕೆ ಫೋನ್ ಮಾಡಿ.

ಆದ್ದರಿಂದ, ಹೋಗಬಹುದೇ ಎಂದು ಕೇಳುವ ನಲವತ್ತರ ಸವಾರರಿಗೆ ನನ್ನ ಉತ್ತರ: ಹೋಗಿ. ಒಬ್ಬರೇ ಬೇಡ. ನೀವು ಎತ್ತಬಲ್ಲ ಗಾಡಿಯಲ್ಲಿ ಹೋಗಿ. ಎರಡು ತಿಂಗಳು ಮೈ ಪಳಗಿಸಿ ಹೋಗಿ. ರಜೆ ಸಾಲದಿದ್ದರೆ ನೋಡುವ ಜಾಗಗಳನ್ನು ಕಡಿಮೆ ಮಾಡಿ, ವಿಶ್ರಾಂತಿಯ ದಿನಗಳನ್ನಲ್ಲ. ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ್ದು ಈ ಗಾಡಿಯನ್ನು ನೋಡಿಯಲ್ಲ. ಆದರೂ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಖರ್ದುಂಗ್ ಲಾ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ತಲೆ ನೋಯುತ್ತಿರುವ ದಿನ ಅಲ್ಲಿಗೆ ಹೋಗದೆ ಹಿಂತಿರುಗಿದವರನ್ನು ಅಂಜುಬುರುಕರೆಂದು ಗೆಳೆಯರು ಆಡಿಕೊಳ್ಳಬಹುದು. ಆಡಿಕೊಳ್ಳಲಿ. ಬಾಗಿಲಲ್ಲಿ ಕಾಯುತ್ತಿರುವ ಮನೆಯವರು ಹಾಗೆ ಹೇಳುವುದಿಲ್ಲ.